ಮಣಿ ಮನೆಯ ಬಾವಿ

ನಮ್ಮೂರಿನಲ್ಲಿ ಪ್ರತಿ ಮನೆಗೂ ಒಂದು ಪ್ರಶ್ನೆ, ಒಂದು ಬಾವಿ. ಪ್ರಶ್ನೆ ಬಾಗಿಲ ಮೇಲಿನ ಹಲಗೆಯಲ್ಲಿರುತ್ತದೆ, ಬಾವಿ ಹಿತ್ತಲಲ್ಲಿ. ಉತ್ತರ ಸಿಗುವವರೆಗೆ ಬಾವಿಯಲ್ಲಿ ನೀರು; ಉತ್ತರ ಸಿಕ್ಕ ದಿನ ಬಾವಿ ಬತ್ತುತ್ತದೆ. ಆಮೇಲೆ ಆ ಮನೆಯಲ್ಲಿ ಹೊಸ ಪ್ರಶ್ನೆಯೊಂದು ಹುಟ್ಟಿ, ಮನೆಯವರ ನಿದ್ದೆ ಕೆಡಿಸುವಷ್ಟು ಬಲಿತ ಮೇಲೆಯೇ ಮತ್ತೆ ಒರತೆ ತೆರೆಯುವುದು. ಅದಕ್ಕೆ ಆರು ತಿಂಗಳೂ ಆಗಬಹುದು, ಆರು ವರ್ಷವೂ ಆಗಬಹುದು. ಉತ್ತರವನ್ನು ಕಾಗದದಲ್ಲಿ ಎಷ್ಟು ಬರೆದರೂ ಬಾವಿ ಕೇಳಿಸಿಕೊಳ್ಳುವುದಿಲ್ಲ. ಆ ಮನೆಯ ಅನ್ನ ಉಂಡವರು ಕಟ್ಟೆಯ ಬಳಿ ನಿಂತು ಬಾಯಿಬಿಟ್ಟು ಹೇಳಬೇಕು. ಹೇಳಿದ್ದು ಸುಳ್ಳಾದರೆ ನೀರು ಅಲ್ಲಾಡುವುದಿಲ್ಲ. ಅರೆಬರೆಯಾದರೂ ಅಲ್ಲಾಡುವುದಿಲ್ಲ.

ಹೀಗಾಗಿ ನಮ್ಮಲ್ಲಿ ಮನೆಗಳಿಗೆ ನಂಬರು ಬೇಕಾಗಿಲ್ಲ. ಇರುವೆ ಹೋದ ದಾರಿಯಲ್ಲೇ ಹೇಗೆ ಹಿಂತಿರುಗುತ್ತದೆ ಎಂದು ಕೇಳುವವರದು ಇರುವೆ ಮನೆ. ಹಾಲು ಹೆಪ್ಪಾಗುವಾಗ ಒಳಗೆ ಏನು ನಡೆಯುತ್ತದೆ ಎಂದು ಮೂರು ತಲೆಮಾರಿನಿಂದ ನೋಡುತ್ತಿರುವವರದು ಹೆಪ್ಪಿನ ಮನೆ. ನಾನು ಹುಟ್ಟಿದ್ದು ಗರಿ ಮನೆಯಲ್ಲಿ. ಮಿಂಚುಳ್ಳಿಯ ಗರಿಯನ್ನು ಅರೆದರೆ ಅದರ ನೀಲಿ ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮಪ್ಪನ ಪ್ರಶ್ನೆ. ಬಾಲ್ಯವೆಲ್ಲ ನಾನು ಕುಟ್ಟಾಣಿಯಲ್ಲಿ ಗರಿ ಅರೆದವಳು. ಅರೆದಂತೆ ನೀಲಿ ಸತ್ತು ಮಂಕಾದ ಕಂದು ಪುಡಿ ಉಳಿಯುತ್ತಿತ್ತು. "ಅದು ಬಳಿದ ಬಣ್ಣ ಅಲ್ಲ ಮಗಳೇ. ಕಣ್ಣಿಗೆ ಕಾಣದಷ್ಟು ಸಣ್ಣ ಗೂಡುಗಳು ಗರಿಯೊಳಗಿವೆ. ಬೆಳಕು ಅಲ್ಲಿ ಸಿಕ್ಕಿ, ನೀಲಿಯಾಗಿ ಆಚೆ ಬರುತ್ತೆ. ಗೂಡು ಮುರಿದೆ, ಬಣ್ಣ ಹೋಯ್ತು" ಎಂದು ಅಪ್ಪ ಹೇಳುತ್ತಿದ್ದರು. ಹಾಗೆ ಹೇಳುವಾಗ ನಡುಮನೆಯಲ್ಲಿ ಕೂತು ಹಿತ್ತಲ ಬಾಗಿಲು ಹಾಕಿಸುತ್ತಿದ್ದರು. ಕಟ್ಟೆಯ ಬಳಿ ಮಾತ್ರ ಅದನ್ನು ಆಡಲೇ ಇಲ್ಲ. ತಾನಿರುವ ತನಕ ಆಡಬಾರದೆಂದು ಅವ್ವ ಮಾತು ತೆಗೆದುಕೊಂಡಿದ್ದಳು. ಅವ್ವನಿಗಿಂತ ಮೊದಲು ಅಪ್ಪನೇ ಹೋದರು.

ಅವ್ವ ಯಾಕೆ ಹಾಗೆ ಮಾಡಿದಳು ಎಂದು ನಮ್ಮೂರಿನ ಯಾವ ಹೆಂಗಸೂ ಕೇಳುವುದಿಲ್ಲ. ಇರುವೆ ಮನೆಯ ಯಜಮಾನರು ಉತ್ತರ ಕಂಡುಹಿಡಿದಾಗ ಅವರಿಗೆ ಶಾಲು, ಹಾರ, ಬೀದಿಯುದ್ದ ಮೆರವಣಿಗೆ ಆಯಿತು. ಅವರ ಹೆಂಡತಿ ಜಯಶೀಲಮ್ಮ ಎರಡೂವರೆ ವರ್ಷ ಹೊಳೆಯಿಂದ ನೀರು ಹೊತ್ತರು. "ಇರುವೆಗೆ ದಾರಿ ಹೇಗೆ ಗೊತ್ತಾಗುತ್ತೆ ಅಂತ ಇವರು ತಿಳ್ಕೊಂಡ್ರು. ಹೊಳೆ ದಾರಿ ನಾನು ತಿಳ್ಕೊಂಡೆ" ಎಂದು ಅವರು ಬಿಂದಿಗೆ ಇಳಿಸಿ ಸೊಂಟ ನೀವಿಕೊಳ್ಳುತ್ತಿದ್ದುದು ನನಗೆ ನೆನಪಿದೆ. ಹೊಳೆ ಊರಿಂದ ಒಂದೂವರೆ ಮೈಲಿ. ನಾವಿರುವ ಮೇಲಿನ ಬೀದಿಯ ಬಾವಿಗಳಲ್ಲಿ ಆಯಾ ಮನೆಗೆ ಸಾಲುವಷ್ಟೇ ನೀರು. ನೆರೆಯವರಿಗೆ ಕೊಟ್ಟರೆ ಸಂಜೆಗೆ ತಳ ಕಾಣುತ್ತದೆ. ಕೆಳಗಿನ ಬೀದಿಯ ಬಾವಿಗಳಲ್ಲಿ ನೀರು ಧಾರಾಳ. ಆದರೆ ಮೇಲಿನ ಬೀದಿಯವರು ಅಲ್ಲಿಂದ ನೀರು ತರುವುದಿಲ್ಲ. ಆದ್ದರಿಂದ ಒಳ್ಳೆಯ ಗೃಹಿಣಿ ಎಂದರೆ ಗಂಡನ ಭೂತಗನ್ನಡಿಯನ್ನು ಆಗಾಗ ಅಕ್ಕಿ ಡಬ್ಬಿಯಲ್ಲಿ ಮರೆತಿಡುವವಳು ಎಂಬ ಮಾತು ನಮ್ಮ ಹೆಂಗಸರಲ್ಲಿ ಉಂಟು.

ನನ್ನನ್ನು ಮಣಿ ಮನೆಗೆ ಕೊಟ್ಟರು. ಮದುವೆಯಾದ ಹೆಣ್ಣು ತನ್ನ ಪ್ರಶ್ನೆಯನ್ನು ವೀಳ್ಯದೆಲೆಯ ಮೇಲೆ ಬರೆದು ತವರಿನ ಬಾವಿಗೆ ಬಿಟ್ಟು ಬರಬೇಕು. ಹೊಸ್ತಿಲಲ್ಲಿ ನನ್ನತ್ತೆ ಗುರುಸಿದ್ದಮ್ಮ ಆರತಿ ತಟ್ಟೆ ಹಿಡಿದು ಕೇಳಿದರು: "ಪ್ರಶ್ನೆ ಬಿಟ್ಟು ಬಂದೆಯಾ ವಿಶಾಲ?"

"ಬಿಟ್ಟು ಬಂದೆ ಅತ್ತೆ."

"ಪೂರ್ತಿ?"

ನಾನು ತಲೆಯಾಡಿಸಿದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಪೂರ್ತಿ ಯಾರೂ ಬಿಡಲ್ಲ ಬಿಡು. ಬಲಗಾಲಿಟ್ಟು ಬಾ" ಎಂದರು.

ಮಣಿ ಮನೆಯ ಹಲಗೆಯ ಮೇಲೆ ಎರಡು ಸಾಲುಗಳಿದ್ದವು. ಈ ಮಣಿಗಳು ಯಾರವು? ಇವುಗಳ ಕೆಂಪು ಎಲ್ಲಿಂದ ಬಂತು? ಊರ ಪಡುವಣ ಗುಡ್ಡದಲ್ಲಿ ಬಹಳ ಹಿಂದಿನ ಕಲ್ಲುಗೋರಿಗಳಿವೆ. ಲೋಹ ಕರಗಿಸಲು ಆಗತಾನೆ ಕಲಿತಿದ್ದ ಜನರವು. ಅವುಗಳೊಳಗೆ ಗಾಜಿನ ಮಣಿಗಳು ಸಿಗುತ್ತವೆ. ಕೆಲವು ದಾಳಿಂಬೆ ಕಾಳಿನಂತೆ ಕೆಂಪು, ಕೆಲವು ನೀರಿನಂತೆ ಬಿಳಿ. ನನ್ನ ಮಾವ ಶಾಂತವೀರಯ್ಯನವರು ಕೆಂಪು ಮಣಿಗಳನ್ನು ಬೀಟೆಮರದ ಪೆಟ್ಟಿಗೆಯಲ್ಲಿ, ಬಿಳಿಯವನ್ನು ತಗಡಿನ ಡಬ್ಬಿಯಲ್ಲಿ ಇಟ್ಟಿದ್ದರು. ಅವರ ಸಿದ್ಧಾಂತ ಹೀಗಿತ್ತು: ಮೊದಲು ಇಲ್ಲಿದ್ದವರು ಬಿಳಿ ಮಣಿಯ ಜನ, ಆಮೇಲೆ ಹೆಚ್ಚಿನ ವಿದ್ಯೆಯುಳ್ಳ ಕೆಂಪು ಮಣಿಯ ಜನ ಬಂದು ಅವರನ್ನು ಗುಡ್ಡದ ಕೆಳಕ್ಕೆ ತಳ್ಳಿದರು. ಇದರ ಮೇಲೆ ನಾಲ್ಕು ಸಂಪುಟ ಬರೆದರು. ಮೂರು ಸಲ ಕಟ್ಟೆಯ ಬಳಿ ನಿಂತು ಗಟ್ಟಿಯಾಗಿ ಹೇಳಿದರು. ನೀರು ಅಲ್ಲಾಡಲಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲವಲ್ಲ, ಅರ್ಧಕ್ಕೆ ಬಾವಿ ಒಪ್ಪುವುದಿಲ್ಲ ಎಂದು ಊರಿನ ವಿದ್ವತ್ಸಭೆ ಸಮಾಧಾನ ಹೇಳಿತು. ಮಣಿ ನೋಡಿ ನೋಡಿ ಕಣ್ಣು ಕಳೆದುಕೊಂಡಿದ್ದ ಅವರು ಆ ಸಮಾಧಾನದಲ್ಲೇ ತೀರಿಕೊಂಡರು.

ಆದರೆ ಸಂಪುಟಗಳು ಸುಮ್ಮನಿರಲಿಲ್ಲ. ಮೇಲಿನ ಬೀದಿಯವರು ಕೆಂಪು ಮಣಿಯವರ ಕುಲದವರೆಂದೂ ಕೆಳಗಿನ ಬೀದಿಯವರು ಬಿಳಿಯವರ ಕುಲದವರೆಂದೂ ಮಾತು ಹುಟ್ಟಿತು. ಮೊದಲೂ ಎರಡು ಬೀದಿಗಳ ನಡುವೆ ಹೋಗಿಬರುವುದು ಕಡಿಮೆಯೇ. ಈಗ ಅದಕ್ಕೆ ಶಾಸ್ತ್ರದ ಆಧಾರ ಸಿಕ್ಕಿತು. ನನ್ನ ಗಂಡ ಪ್ರಭುದೇವ ಐದನೆಯ ಸಂಪುಟ ಮುಗಿಸಿದ ವರ್ಷ ಸಭೆ ಒಂದು ನಿರ್ಣಯ ಮಾಡಿತು. ಎರಡೂ ಬೀದಿಗಳು ಕೂಡುವಲ್ಲಿ ಕಲ್ಲು ನೆಟ್ಟು, ಇತ್ತ ಈ ಜನ, ಅತ್ತ ಆ ಜನ ಎಂದು ಕೆತ್ತಿಸುವುದು. ಸಂಪುಟವನ್ನು ಸಭೆಗೆ ಒಪ್ಪಿಸುವ ದಿನವೇ ಕಲ್ಲುಕುಟಿಗ ಉಳಿ ಹಿಡಿಯುತ್ತಾನೆ ಎಂದಾಯಿತು. ಆ ಹೊತ್ತಿಗೆ ನಾನು ಮಣಿ ಮನೆಗೆ ಬಂದು ಇಪ್ಪತ್ತನಾಲ್ಕು ವರ್ಷ.

ಸಭೆಯಲ್ಲಿ ತೋರಿಸುವುದಕ್ಕೆ ಮಣಿಗಳನ್ನು ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಅಡುಗೆಮನೆಯಲ್ಲಿ ಮೊರದ ಮೇಲೆ ಹರವಿ ಒಣಗಿಸುತ್ತಿದ್ದೆ. ಬಿಳಿಯದೊಂದು ಜಾರಿ ಒಲೆಯ ಕೆಂಡಕ್ಕೆ ಬಿತ್ತು. ಹಸಿ ಸೌದೆ, ಹೊಗೆ ತುಂಬಿತ್ತು. ಹುಡುಕಿದರೂ ಸಿಗಲಿಲ್ಲ. ಮಾರನೆಯ ಬೆಳಿಗ್ಗೆ ಬೂದಿ ತೆಗೆಯುವಾಗ ಬೆರಳಿಗೆ ತಾಕಿದ ಮಣಿಯನ್ನು ಸೆರಗಿನಲ್ಲಿ ಒರೆಸಿದೆ. ಕೆಂಪಗಿತ್ತು. ಬಿಸಿಲಿಗೆ ಹಿಡಿದೆ, ದಾಳಿಂಬೆ ಕಾಳು. ಆಮೇಲೆ ಬಾಗಿಲು ಮುಂದೆ ಮಾಡಿ ಇನ್ನೊಂದು ಬಿಳಿ ಮಣಿಯನ್ನು ಕೆಂಡದಲ್ಲಿ ಹೂತೆ, ಮೇಲೆ ಹಸಿ ಕಡ್ಡಿ ಹಾಕಿ ಹೊಗೆ ಎಬ್ಬಿಸಿದೆ. ಅದೂ ಕೆಂಪಾಯಿತು.

ವೀಳ್ಯದೆಲೆಯ ಮೇಲೆ ಬಿಟ್ಟು ಬಂದದ್ದೆಲ್ಲ ಆ ಗಳಿಗೆಯಲ್ಲಿ ಹಿಂದಕ್ಕೆ ಬಂತು. ಬಣ್ಣ ಬಳಿದದ್ದಲ್ಲ, ಬೆರೆಸಿದ್ದಲ್ಲ. ಮೊದಲೇ ಒಳಗೆ ಏನೋ ಇತ್ತು, ಎರಡನೆಯ ಬೆಂಕಿ ಅದನ್ನು ಬೇರೆ ಗಾತ್ರಕ್ಕೆ ತಂದಿತ್ತು. ತವರಿಗೆ ಹೋದೆ. ಅಣ್ಣ ರುದ್ರಮುನಿ ಊರಿನ ಕಣಶಾಲೆ ಎಂಬ ಪ್ರಯೋಗಾಲಯದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನೋಡಿಕೊಳ್ಳುತ್ತಾನೆ. ಬೆಳಕಿಗೇ ಸಿಗದಷ್ಟು ಸಣ್ಣದನ್ನು ನೋಡುವ ಯಂತ್ರ ಅದು. ಪೆಟ್ಟಿಗೆಯ ಕೆಂಪು ಮಣಿಯದೊಂದು, ಡಬ್ಬಿಯ ಬಿಳಿ ಮಣಿಯದೊಂದು ಚೂರು ಅವನ ಮುಂದಿಟ್ಟೆ.

"ಗಂಡನ ಮನೆ ಸಾಮಾನು ಕದ್ದು ತಂದಿದೀಯ. ಭಾವ ಕೇಳಿದ್ರೆ?" ಎಂದ.

"ನೀನು ನೋಡಿ ಹೇಳು, ಬಾಯಿ ಆಮೇಲೆ ಆಡಿಸು."

ಎರಡು ದಿನ ಬಿಟ್ಟು ಕರೆದ. ಈ ಸಲ ತಮಾಷೆ ಮಾಡಲಿಲ್ಲ. "ಎರಡೂ ಒಂದೇ ಗಾಜು ವಿಶಾಲ. ಎರಡರಲ್ಲೂ ತಾಮ್ರ ಇದೆ, ಒಂದೇ ಪಾಕದ್ದು. ಬಿಳೀದರಲ್ಲಿ ಗಾಜಿನ ಜೊತೆ ಕರಗಿಹೋಗಿದೆ, ಉಪ್ಪು ನೀರಲ್ಲಿ ಕರಗಿದ ಹಾಗೆ. ಕೆಂಪಿನದರಲ್ಲಿ ಕಣಕಣವಾಗಿ ಕೂಡ್ಕೊಂಡಿದೆ. ಎಷ್ಟು ಸಣ್ಣ ಅಂತೀಯ? ನಿನ್ನ ತಲೆಕೂದಲಿನ ಅಡ್ಡಕ್ಕೆ ನಾಲ್ಕು ಸಾವಿರ ಕೂರುತ್ತವೆ. ಅಷ್ಟು ಸಣ್ಣದಾದ್ರೆ ತಾಮ್ರ ತಾಮ್ರದ ಹಾಗೆ ಕಾಣಲ್ಲ. ಹಸಿರು ನುಂಗಿ ಕೆಂಪು ಬಿಡುತ್ತೆ." ಚೂರುಗಳನ್ನು ನನ್ನ ಕೈಗಿಟ್ಟು, "ಅಪ್ಪ ಇದ್ದಿದ್ರೆ ಕುಣಿದಾಡಿರೋರು" ಎಂದ.

ಹಿಂತಿರುಗುವಾಗ ಮೇಲಿನ ಬೀದಿಗೆ ತಿರುಗದೆ ಕೆಳಗಿನ ಬೀದಿಗೆ ಇಳಿದೆ. ಅಲ್ಲಿ ಬಳೆ ಮಾಡುವ ಚೌಡಮ್ಮನ ಕುಲುಮೆ ಇದೆ. ಬಳೆ ಕೊಳ್ಳುವವರು ಬೀದಿಯ ತುದಿಯಲ್ಲೇ ನಿಂತು ಕೂಗುವುದು ವಾಡಿಕೆ. ನಾನು ಅಂಗಳದವರೆಗೂ ಹೋದದ್ದು ನೋಡಿ ಅವಳು ಎದ್ದು ನಿಂತಳು. ಬಿಳಿ ಮಣಿ ಹೊಗೆಯಲ್ಲಿ ಕೆಂಪಾಗುವುದನ್ನು ಅವಳಿಗೆ ಹೇಳಿದೆ. ನಾನು ಉಸಿರು ಬಿಗಿಹಿಡಿದು ಹೇಳಿದ್ದಕ್ಕೆ ಅವಳು ನಕ್ಕುಬಿಟ್ಟಳು.

"ತಾಮ್ರದ ಪುಡಿ ಹಾಕಿದ ಗಾಜು ಮೊದಲ ಬೆಂಕೀಲಿ ಬೆಳ್ಳಗೇ ಇರ್ತದೆ ಕನವ್ವಾ. ಹೊಗೆ ಉಣ್ಣಿಸಿ ಇನ್ನೊಂದ್ ಕಿತ ಕಾಯಿಸಿದ್ರೆ ಕೆಂಪು ಏಳ್ತದೆ. ನಮ್ ಕೇರಿ ಮಗೀಗೂ ಗೊತ್ತು. ನಮ್ಮಜ್ಜಿ ಅದ್ಕೆ 'ಮೈನೆರೆಯೋದು' ಅನ್ನೋಳು."

"ಮಣಿ ಮನೆಯೋರು ಇಷ್ಟು ವರ್ಷ ಹುಡುಕ್ತಿದ್ರಲ್ಲ ಚೌಡಮ್ಮ, ಒಂದು ಮಾತು ಹೇಳಬಾರದಿತ್ತಾ?"

"ಯಾರ್ ಕೇಳವ್ರೆ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಅದೇ ಕಷ್ಟವಾಯಿತು.

ಮನೆಗೆ ಬಂದರೆ ಅತ್ತೆ ಒಲೆಯ ಮುಂದೆ ಕೂತಿದ್ದರು. ಅವರಿಗೆ ಆಗ ಎಪ್ಪತ್ತನಾಲ್ಕು. ಬೂದಿಯನ್ನು ಕಡ್ಡಿಯಿಂದ ಕೆದಕುತ್ತ, ನನ್ನ ಕಡೆ ತಿರುಗದೆ ಕೇಳಿದರು: "ಎಷ್ಟು ಸುಟ್ಟೆ?"

"ಎರಡು ಅತ್ತೆ."

"ನಾನು ಹನ್ನೊಂದು."

ಅವರು ಹೇಳುತ್ತ ಹೋದರು, ಸಾರಿಗೆ ಹುಳಿ ಎಷ್ಟು ಹಾಕಬೇಕೆಂದು ಹೇಳುವ ದನಿಯಲ್ಲಿ. "ಪ್ರಭು ಹೊಟ್ಟೇಲಿದ್ದ. ಆರು ತಿಂಗಳು. ಮಣಿ ಒಲೆಗೆ ಬಿತ್ತು, ಕೆಂಪಾಯ್ತು. ನಂಬಿಕೆ ಬರ್ಲಿಲ್ಲ, ಇನ್ನೊಂದು ಹಾಕ್ದೆ. ಹಾಕ್ತಾನೇ ಹೋದೆ. ನಿಮ್ಮ ಮಾವ ಜಗಲೀಲಿ ಕೂತು ಎರಡನೇ ಸಂಪುಟ ಬರೀತಿದ್ರು. ಒಳಗೆ ನಾನು ಅದನ್ನ ಸುಡ್ತಾ ಇದ್ದೆ ಅನ್ನು. ಹೇಳೋಣ ಅಂತ ಎದ್ದೆ. ಹೊಸ್ತಿಲ ತನಕ ಹೋದೆ. ಆ ಬಸುರಿ ಹೊಟ್ಟೆ ಹೊತ್ಕೊಂಡು ಹೊಳೆಗೆ ಹೋಗೋದು ನೆನಪಾಯ್ತು. ಅವರ ಮುಖ ನೋಡಿದೆ. ವಾಪಸ್ ಬಂದೆ."

"ಆ ಮಣಿಗಳು?"

"ಕೆಂಪು ಪೆಟ್ಟಿಗೆಗೆ ಹಾಕಿದೆ. ಮತ್ತೆಲ್ಲಿ ಹಾಕ್ಲಿ?" ಅವರು ಈಗ ನನ್ನತ್ತ ತಿರುಗಿದರು. "ಬಿಳಿ ಕಮ್ಮಿಯಾಗಿ ಕೆಂಪು ಜಾಸ್ತಿ ಆಗಿದ್ದು ಅವರಿಗೆ ತಿಳೀತು. ತಾವೇ ಮೊದಲು ತಪ್ಪು ಎಣಿಸಿದ್ದೆ ಅಂದ್ಕೊಂಡ್ರು. ಮೂರನೇ ಸಂಪುಟದಲ್ಲಿ ಒಂದು ಅಧ್ಯಾಯ ಇದೆ ನೋಡು, ಕೆಂಪು ಜನರ ಎರಡನೇ ವಲಸೆ ಅಂತ. ಆ ವಲಸೆ ನನ್ನ ಒಲೆಯಿಂದ ಬಂದಿದ್ದು ಕಣೇ."

ನಾವಿಬ್ಬರೂ ನಗಲಿಲ್ಲ. ಆ ಅಧ್ಯಾಯವನ್ನು ಪಠ್ಯಪುಸ್ತಕಕ್ಕೆಂದು ನಾನೇ ಶುದ್ಧಪ್ರತಿ ಮಾಡಿಕೊಟ್ಟಿದ್ದೆ. ಮಕ್ಕಳಿಗೆ ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿಸುತ್ತಾರೆ.

"ಈಗೇನು ಮಾಡ್ಲಿ ಅತ್ತೆ?"

"ನನ್ನ ಕೇಳಬೇಡ. ನಾನು ಮಾಡಿದ್ದನ್ನ ಹೇಳಿದೆ ಅಷ್ಟೆ. ಬಾಯಿ ಮುಚ್ಚಿಕೊಂಡಿದ್ದಕ್ಕೆ ಮನೇಲಿ ನೀರು ನಿಂತಿತು. ಎಲ್ಲಾ ಸರಿ ಇತ್ತು." ಅವರು ಕಡ್ಡಿಯನ್ನು ಒಲೆಗೆ ಹಾಕಿದರು. "ನುಂಗಿದ್ದು ಮಾತ್ರ ಜೀರ್ಣ ಆಗ್ಲಿಲ್ಲ. ಐವತ್ತು ವರ್ಷಕ್ಕೂ."

ಗಂಡನಿಗೆ ಮೊದಲು ಹೇಳುವುದೇ ಸರಿ ಎನ್ನಿಸಿತು. ಸಭೆಗೆ ಇನ್ನು ಒಂದೇ ದಿನ. ಅವರ ಮುಂದೆ ಮೂರನೆಯ ಮಣಿಯನ್ನು ಸುಟ್ಟು ತೋರಿಸಿದೆ. ಅವರು ಕೆಟ್ಟವರಲ್ಲ; ನನ್ನ ಮೇಲೆ ಎಂದೂ ದನಿ ಎತ್ತಿದವರಲ್ಲ. ಇಕ್ಕಳದಲ್ಲಿ ಹಿಡಿದ ಕೆಂಪು ಮಣಿಯನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಅಪ್ಪ ಇದಕ್ಕೇ ಕಣ್ಣು ಕಳ್ಕೊಂಡ್ರು ವಿಶಾಲ" ಎಂದರು.

"ಗೊತ್ತು ರೀ."

"ನಾನು ಮೂವತ್ತು ವರ್ಷ..." ಎದ್ದು ಹಿತ್ತಲ ಬಾಗಿಲಿನವರೆಗೆ ಹೋಗಿ ಬಂದರು. "ನಾಳೆ ಒಂದು ದಿನ ಸುಮ್ಮನಿರು. ಸಭೆ ಮುಗೀಲಿ. ಆಮೇಲೆ ನಿಧಾನವಾಗಿ ನೋಡಿದರಾಯ್ತು."

"ನಾಳೆ ಕಲ್ಲಿಗೆ ಅಕ್ಷರ ಬೀಳುತ್ತಲ್ಲ. ಆಮೇಲೆ ಏನು ನೋಡ್ತೀರಿ?"

"ಬಾವಿ ಬತ್ತಿದ್ರೆ? ಅಮ್ಮನಿಗೆ ಎಪ್ಪತ್ನಾಲ್ಕು ವರ್ಷ. ನಿನಗೂ ಮಂಡಿನೋವು. ನೀರು ಹೊರೋರು ಯಾರು?"

ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವರು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಕೇಳಿದ್ದು ನನ್ನ ಬಾಯಿ ಮುಚ್ಚಿಸುವುದಕ್ಕೆ. ನನಗೆ ಕೋಪ ಬಂತು. ಅದರ ಹಿಂದೆಯೇ ಕನಿಕರವೂ ಬಂತು. ನಾನು ಮಣಿಯನ್ನು ಅವರ ಅಂಗೈಗಿಟ್ಟೆ. ಅದು ಇನ್ನೂ ಬೆಚ್ಚಗಿತ್ತು.

ಆ ರಾತ್ರಿ ನಿದ್ದೆ ಬಂದಿತ್ತು ಎಂದರೆ ಯಾರೂ ನಂಬುವುದಿಲ್ಲ. ಚೆನ್ನಾಗಿಯೇ ಬಂತು. ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಮನೆಯಲ್ಲಿದ್ದ ಹಂಡೆ, ಕೊಡ, ತಪ್ಪಲೆ ಎಲ್ಲಕ್ಕೂ ನೀರು ತುಂಬಿದೆ. ಆಮೇಲೆ ಕಟ್ಟೆಯ ಬಳಿ ನಿಂತೆ. ಬಾವಿಯಲ್ಲಿ ಆಕಾಶ ಕಾಣುತ್ತಿತ್ತು, ನನ್ನ ತಲೆಯೂ.

"ಮಣಿಗಳ ಕೆಂಪು ತಾಮ್ರದಿಂದ ಬಂತು" ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿತು. "ಗಾಜಿನೊಳಗೆ ಕರಗಿದ್ದ ತಾಮ್ರ ಹೊಗೆಯ ಬೆಂಕಿಯಲ್ಲಿ ಎರಡನೆಯ ಸಲ ಕಾದಾಗ ಕಣಗಳಾಗಿ ಕೂಡಿಕೊಳ್ಳುತ್ತದೆ. ಕಣ್ಣಿಗೂ ಬೆಳಕಿಗೂ ಸಿಗದಷ್ಟು ಸಣ್ಣ ಕಣ. ಕೆಂಪು ಆ ಸಣ್ಣತನದ್ದು."

ನೀರು ಅಲ್ಲಾಡಲಿಲ್ಲ. ಗೊತ್ತಿತ್ತು, ಅರ್ಧ ಉಳಿದಿತ್ತು. ಈ ಮಣಿಗಳು ಯಾರವು ಎಂಬುದು. ಅದನ್ನು ಹೇಳಲು ಬಾಯಿ ತೆರೆದೆ. ಹಿತ್ತಲ ಬಾಗಿಲಲ್ಲಿ ಗಂಡ ನಿಂತಿದ್ದರು, ಸಭೆಗೆಂದು ಮಡಿ ಪಂಚೆ ಉಟ್ಟು, ಕೆಂಪು ಬಟ್ಟೆಯಲ್ಲಿ ಸುತ್ತಿದ ಐದನೆಯ ಸಂಪುಟವನ್ನು ಎದೆಗವುಚಿಕೊಂಡು. ಓಡಿ ಬಂದು ತಡೆಯಲಿಲ್ಲ. ತಡೆದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅವರು ಸುಮ್ಮನೆ ನಿಂತಿದ್ದರು. ಕಣ್ಣು ಹೋದ ಅಪ್ಪನ ಕೈಹಿಡಿದು ಗುಡ್ಡ ಹತ್ತಿಸುತ್ತಿದ್ದ ಆ ಹಳೆಯ ಮಗನ ಹಾಗೆ. ನನ್ನ ತವರಿನ ವಿದ್ಯೆ ನನ್ನನ್ನು ಅಲ್ಲಿಯವರೆಗೆ ತಂದಿತ್ತು. ಮುಂದಿನದು ಈ ಮನೆಯ ಮಾತು. ಅದು ನನ್ನ ಬಾಯಿಂದ ಹೊರಡಲಿಲ್ಲ.

"ಸರಿ ಆ ಕಡೆ" ಎಂದರು ಅತ್ತೆ. ಮಗನನ್ನು ದಾಟಿ, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲಿಳಿದು ಬಂದಿದ್ದರು. ಎರಡೂ ಕೈಯನ್ನು ಕಟ್ಟೆಯ ಮೇಲೂರಿ ಬಾವಿಯೊಳಗೆ ಬಗ್ಗಿದರು. ಬಿದ್ದಾರೆಂದು ನಾನು ಅವರ ಸೊಂಟ ಹಿಡಿದುಕೊಂಡೆ.

"ಕೇಳಿಸ್ಕೋ" ಎಂದರು ಅವರು ಬಾವಿಗೆ. "ಎರಡು ಜನ ಇರ್ಲಿಲ್ಲ. ಒಂದೇ ಜನ. ಬಿಳೀದು ಬೇಯದೆ ಉಳಿದಿದ್ದು, ಕೆಂಪು ಬೆಂದಿದ್ದು. ಮಣಿ ಮಾಡಿದೋರ ಮಕ್ಕಳು ಈ ಬೀದೀಲೂ ಅವ್ರೆ, ಆ ಬೀದೀಲೂ ಅವ್ರೆ. ಯಾರೂ ಬಂದು ಯಾರನ್ನೂ ತಳ್ಳಲಿಲ್ಲ. ತಳ್ಳಿದ್ದು ನಾವು. ನನಗೆ ಗೊತ್ತಿತ್ತು. ಹೇಳಲಿಲ್ಲ."

ಬಾವಿ ಮೊದಲು ಒಂದು ಉಸಿರು ಎಳೆದಂತೆ ಸದ್ದಾಯಿತು. ಆಮೇಲೆ ಆಕಾಶ ಕೆಳಗೆ ಇಳಿಯಿತು, ನಮ್ಮಿಬ್ಬರ ತಲೆಗಳೂ ಅದರ ಜೊತೆಗೆ ಸಣ್ಣದಾಗುತ್ತ ಇಳಿದವು. ಗೋಡೆಯ ಪಾಚಿ ಹೊಳೆಯಿತು. ಕೊನೆಗೆ ಕೆಸರು, ಒಂದು ಹಳೆಯ ಚೊಂಬು, ಅಷ್ಟೆ. ಬೀದಿಯಲ್ಲಿ ಆಗಲೇ ಜನ ಸೇರಿದ್ದರು. ಬತ್ತುವ ಸದ್ದು ನಾಲ್ಕು ಮನೆಗೆ ಕೇಳಿಸುತ್ತದೆ. ಯಾರು ಹೇಳಿದ್ದು, ಶಾಲು ಯಾರಿಗೆ ಎಂದು ಕೇಳುತ್ತಿದ್ದರು. ನನ್ನ ಗಂಡ ಒಳಗೆ ಹೋದರು. ಸುತ್ತಿಗೆಯಿಂದ ಬಾಗಿಲ ಮೇಲಿನ ಹಲಗೆಯನ್ನು ಅವರೇ ಬಿಚ್ಚಿದರು. ಅದು ಯಜಮಾನನ ಕೆಲಸ. ಒಂದು ಮೊಳೆ ಬರಲಿಲ್ಲ. ಬಹಳ ಹೊತ್ತು ಅದರ ಜೊತೆ ಗುದ್ದಾಡಿದರು. ಸಂಪುಟವನ್ನು ಎಲ್ಲಿಟ್ಟರೋ ನಾನು ನೋಡಲಿಲ್ಲ. ಸಭೆಗೆ ಬರಿಗೈಯಲ್ಲಿ ಹೊರಟರು. "ಕಲ್ಲುಕುಟಿಗನಿಗೆ ನಾನೇ ಹೇಳ್ತೀನಿ" ಎಂದು ಮಾತ್ರ ಅಂದರು, ನನ್ನ ಮುಖ ನೋಡದೆ. ಅದಾದ ಮೇಲೂ ಎಷ್ಟೋ ತಿಂಗಳು ಅವರು ನನ್ನ ಮುಖ ನೋಡಿ ಮಾತಾಡಲಿಲ್ಲ. ಅದು ನಾನು ತೆತ್ತ ಬೆಲೆ.

ತುಂಬಿಟ್ಟ ನೀರು ಎರಡು ದಿನಕ್ಕೆ ಬಂತು. ಮೂರನೆಯ ಬೆಳಿಗ್ಗೆ ನಾನು ಬಿಂದಿಗೆ ಎತ್ತಿಕೊಂಡಾಗ ಅತ್ತೆ ಸಣ್ಣ ಕೊಡ ಹಿಡಿದು ಸಿದ್ಧರಾಗಿದ್ದರು. ಬೇಡವೆಂದರೆ ಕೇಳಲಿಲ್ಲ. ಬೀದಿಯ ತುದಿಗೆ ಬಂದಾಗ ನಾನು ನಮ್ಮ ಬೀದಿಯ ರೂಢಿಯಂತೆ ಹೊಳೆಯ ಕಡೆ ತಿರುಗಿದೆ. ಅವರು ತಿರುಗಲಿಲ್ಲ. "ಅಷ್ಟು ದೂರ ಯಾಕೆ?" ಎಂದು ನೇರ ಇಳಿಯತೊಡಗಿದರು. ಮೇಲಿನ ಬೀದಿಯ ಜಗಲಿಗಳಲ್ಲಿ ಮಾತು ನಿಂತಿತು. ಜಯಶೀಲಮ್ಮ ಮಾತ್ರ ತಮ್ಮ ಬಾಗಿಲಲ್ಲಿ ನಿಂತು, "ಗುರುಸಿದ್ದಕ್ಕ, ಜಾರುತ್ತೆ, ಹುಷಾರು" ಎಂದರು.

ಚೌಡಮ್ಮ ತನ್ನ ಬಾವಿಯಲ್ಲಿ ನೀರು ಸೇದುತ್ತಿದ್ದಳು. ನಮ್ಮನ್ನು ನೋಡಿ ಹಗ್ಗ ಕೈಯಲ್ಲೇ ಹಿಡಿದು ನಿಂತಳು. ಹಿಂದೆ ಸರಿಯಬೇಕೋ ಬೇಡವೋ ಎಂದು ತಿಳಿಯದೆ ಅವಳ ಕಾಲುಗಳು ಅತ್ತಿತ್ತ ಆಡುತ್ತಿದ್ದವು. "ನೀವೇ ಸೇದ್ಕೊತೀರಾ ಅವ್ವಾ? ನಾನು ಆ ಕಡೆ ನಿಂತ್ಕೊತೀನಿ" ಎಂದಳು.

"ನನ್ನ ಕೈಲಿ ಎಲ್ಲಾಗುತ್ತೆ? ನೀನೇ ಎತ್ತು" ಎಂದರು ಅತ್ತೆ.

ಚೌಡಮ್ಮ ಬಿಂದಿಗೆ ಮೇಲೆಳೆದು ನಮ್ಮ ಕೊಡದ ಕಡೆ ಬಗ್ಗಿಸಿದಳು. ಅತ್ತೆ ಕೊಡವನ್ನು ಕಾಲಿಂದ ಪಕ್ಕಕ್ಕೆ ಸರಿಸಿದರು. ಕಷ್ಟಪಟ್ಟು ಕುಕ್ಕರುಗಾಲಿನಲ್ಲಿ ಕೂತು, ಎರಡು ಅಂಗೈ ಸೇರಿಸಿ ಬೊಗಸೆಯನ್ನು ಬಾಯಿಗೆ ಹಿಡಿದರು. ಅವಳು ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅವಳು ಸಣ್ಣ ಧಾರೆಯಾಗಿ ನೀರು ಬಿಟ್ಟಳು. ಅತ್ತೆ ಕುಡಿದರು. ಮೊಣಕೈಯಿಂದ ಇಳಿದ ನೀರು ರವಿಕೆ ತೋಯಿಸಿತು, ಸೀರೆ ತೋಯಿಸಿತು, ಅವರು ಬೊಗಸೆ ತೆಗೆಯಲಿಲ್ಲ. ಬಿಂದಿಗೆ ಅರ್ಧವಾದಾಗ ಚೌಡಮ್ಮ ತಡೆದಳು. ಅತ್ತೆ ಮುಖವೆತ್ತಿ, ಒದ್ದೆ ಗಲ್ಲದಲ್ಲೇ, "ನಿಲ್ಲಿಸಬೇಡ. ಇನ್ನೊಂದಿಷ್ಟು ಹಾಕೇ" ಎಂದರು.